ಕಲ್ಯಾಣ ನಗರದ ಇಟಾಲಿಯನ್ ಪಾಠ

ಪರರಿಗೆ ಬುದ್ಧಿ ಹೇಳುವ ಉದ್ಯೋಗಕ್ಕೆ ಬಂಡವಾಳ ಬೇಡ. ಆದುದರಿಂದಲೇ ಅದನ್ನು ಕೈಗೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಕಳೆದ ವೈಶಾಖದ ಒಂದು ಭಾನುವಾರ ಬೆಳಗ್ಗೆ ಕಲ್ಯಾಣ ನಗರದಿಂದ ನಮ್ಮ ಅಕ್ಕನವರು ಫೋನು ಮಾಡಿ, “ತಮ್ಮಾ, ನೀನೊಂದು ಸಲ ಬಂದು ಹೋಗಬೇಕು. ಹುಡುಗಿ ಇಟಲಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ನಿನ್ನ ಭಾವ ಮೂರು ದಿನದಿಂದ ಸರಿಯಾಗಿ ಮಾತನಾಡಿಲ್ಲ. ನಿನ್ನ ಮಾತನ್ನಾದರೂ ಕೇಳಿಯಾಳು” ಎಂದಾಗ ನಾವು ಕೂಡಲೆ ಒಪ್ಪಿಕೊಂಡೆವು. ಏನು ಹೇಳಬೇಕೆಂಬುದನ್ನು ದಾರಿಯಲ್ಲಿ ಯೋಚಿಸಿದರಾಯಿತೆಂದು ಛತ್ರಿಯನ್ನು ಕೈಗೆ ತೆಗೆದುಕೊಂಡು ಹೊರಟೆವು.

ಶಿವಾಜಿನಗರದ ಬಸ್ ನಿಲ್ದಾಣದಿಂದ ಕಲ್ಯಾಣ ನಗರಕ್ಕೆ ಹೋಗುವ ದಾರಿಯು ಒಂದು ಸಣ್ಣ ದೇಶಾಟನವೆಂದೇ ಹೇಳಬಹುದು. ಹಳೆಯ ದಂಡಿನ ಬೀದಿಗಳನ್ನು ದಾಟಿ, ಫ್ರೇಜರ್ ಟೌನಿನ ಮರಗಳ ನೆರಳಿನಲ್ಲಿ ಸಾಗಿ, ಲಿಂಗರಾಜಪುರದ ಮೇಲುಸೇತುವೆಯನ್ನು ಏರಿ ಇಳಿದು, ಕಮ್ಮನಹಳ್ಳಿಯ ಮುಖ್ಯ ರಸ್ತೆಯನ್ನು ಹೊಕ್ಕರೆ, ಅಷ್ಟರಲ್ಲಿ ತಮಿಳು, ಉರ್ದು, ತೆಲುಗು, ಮಲೆಯಾಳ, ಇಂಗ್ಲಿಷ್, ಕನ್ನಡ ಎಲ್ಲವೂ ನಮ್ಮ ಕಿವಿಯ ಮೇಲೆ ಬಿದ್ದಿರುತ್ತವೆ. ಅಲ್ಲಿಂದ ಮುಂದೆ ಹೆಣ್ಣೂರು, ಬಾಣಸವಾಡಿ ರಸ್ತೆಗಳ ನಡುವೆ ಹಬ್ಬಿರುವ ಬಡಾವಣೆಗಳಲ್ಲಿ ಕಲ್ಯಾಣ ನಗರವೂ ಒಂದು. ಹೊಲಗದ್ದೆಗಳಿದ್ದ ಹಳ್ಳಿಗಳ ಮೇಲೆ ಬೆಳೆದ ಊರು ಇದು. ಹೊರವರ್ತುಲ ರಸ್ತೆಯ ಉದ್ದಕ್ಕೂ ಈಗ ಮೆಟ್ರೋ ಕಂಬಗಳು ಎದ್ದಿವೆ. ಅಡ್ಡರಸ್ತೆಗಳಲ್ಲಿ ಮಾತ್ರ ಹೊಂಗೆ ಮರಗಳೂ, ಬಾಗಿಲಲ್ಲಿ ರಂಗೋಲಿಯಿರುವ ಮನೆಗಳೂ ಇನ್ನೂ ಉಳಿದಿವೆ.

ಇದು ಹೊಸ ಊರೆಂದು ಹೀಗಳೆಯುವವರುಂಟು. ಅದೇ ವರ್ತುಲ ರಸ್ತೆಯನ್ನು ಹಿಡಿದು ನಾಗವಾರದ ಮೇಲೆ ಪಶ್ಚಿಮಕ್ಕೆ ಹೋದರೆ ಹೆಬ್ಬಾಳ ಸಿಕ್ಕುತ್ತದೆ. ಅಲ್ಲಿ ಸುಮಾರು ಕ್ರಿ. ಶ. ೭೫೦ಕ್ಕೆ ಸೇರಿದ ಕಿತ್ತಯ್ಯನೆಂಬ ವೀರನ ಕನ್ನಡ ಶಾಸನದ ಕಲ್ಲು ೨೦೧೮ರಲ್ಲಿ ಮಣ್ಣಿನಿಂದ ಮೇಲಕ್ಕೆ ಬಂದಿತು. ಮನೆಗಳು ಹೊಸವಾದರೂ ನೆಲದಲ್ಲಿ ಕನ್ನಡವು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಈ ಮಾತನ್ನು ನಾವು ಸೊಸೆಗೆ ಹೇಳಬೇಕೆಂದು ಬಸ್ಸಿನಲ್ಲಿಯೇ ಕಟ್ಟಿಟ್ಟುಕೊಂಡೆವು. ‘ಕಾಲಡಿಯಲ್ಲಿ ಇಷ್ಟು ಇರುವಾಗ ಕಡಲಾಚೆಗೆ ಏಕೆ ಹೋಗುವೆ ಮಗೂ?’ ಎಂದು ಕೇಳಿದರೆ ಆಕೆ ನಿರುತ್ತರಳಾಗುವಳೆಂದು ನಮಗೆ ಧೈರ್ಯವಿತ್ತು.

ಮನೆಯಲ್ಲಿ ಭಾವನವರು ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಅವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಂಡಿತರಾಗಿದ್ದು ವಿಶ್ರಾಂತಿ ಪಡೆದವರು. ಕೇಶಿರಾಜನ ಸೂತ್ರಗಳನ್ನು ಮನೆಯ ವಿಳಾಸದಂತೆ ನೆನಪಿಟ್ಟಿರುವವರು. ನಮ್ಮನ್ನು ನೋಡಿ, “ಬಾರಪ್ಪ, ನಿನ್ನನ್ನೂ ಕರೆಸಿದರೋ?” ಎಂದರು. ಆ ಮಾತಿನಲ್ಲಿ ಕೋಪಕ್ಕಿಂತ ಆಯಾಸವೇ ಹೆಚ್ಚಾಗಿತ್ತು.

ವಿಷಯವಿಷ್ಟು. ಹುಡುಗಿ ಬಿ. ಎ. ಮುಗಿಸಿದ್ದಳು. ಎರಡು ವರ್ಷಗಳಿಂದ ನಗರದಲ್ಲಿ ಸಂಜೆಯ ತರಗತಿಗೆ ಹೋಗಿ ಇಟಾಲಿಯನ್ ಭಾಷೆಯನ್ನು ಕಲಿಯುತ್ತಿದ್ದಳು. ಅದನ್ನು ಮನೆಯವರು ಹೊಲಿಗೆ, ಸಂಗೀತಗಳಂತೆ ಒಂದು ಹವ್ಯಾಸವೆಂದು ತಿಳಿದಿದ್ದರು. ಈಗ ಬೊಲೋನ್ಯದ ವಿಶ್ವವಿದ್ಯಾನಿಲಯದಲ್ಲಿ ಆ ಭಾಷೆಯನ್ನೂ ಆ ದೇಶದ ಚರಿತ್ರೆ, ಸಂಸ್ಕೃತಿಗಳನ್ನೂ ಓದಲು ಆಕೆಗೆ ಸ್ಥಳ ದೊರೆತಿದೆ. ಒಂದು ವಾರದೊಳಗೆ ಒಪ್ಪಿಗೆಯನ್ನು ತಿಳಿಸಬೇಕು. “ಇಂಗ್ಲಿಷಾದರೆ ಅನ್ನ ಕೊಡುತ್ತದೆ, ಜರ್ಮನ್ ಕಾರ್ಖಾನೆಗೆ ಬೇಕಾಗುತ್ತದೆ, ಈ ಇಟಾಲಿಯನ್ ಯಾವ ಪುರುಷಾರ್ಥಕ್ಕೆ?” ಎಂಬುದು ಅಕ್ಕನವರ ಪ್ರಶ್ನೆ. ಭಾವನವರ ನೋವು ಬೇರೆ. ಅವರು ನಮ್ಮೊಬ್ಬರಿಗೇ ಕೇಳುವಂತೆ, “ಒಳಗೆ ನಾಲ್ಕು ಕಪಾಟು ಪುಸ್ತಕವಿದೆ. ಅದನ್ನು ಓದುವವರು ಈ ಮನೆಯಲ್ಲಿ ನಾನಾದ ಮೇಲೆ ಅವಳೊಬ್ಬಳೇ” ಎಂದರು. ಬಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು ಆಗ ನಮ್ಮ ಗಂಟಲಿನಲ್ಲಿಯೇ ಉಳಿಯಿತು.

ಕಾಫಿಯ ಲೋಟಗಳೊಡನೆ ಸೊಸೆ ಬಂದಳು. ಕಮ್ಮನಹಳ್ಳಿಯ ಅಂಗಡಿಗಳ ಹಲಗೆಗಳ ಮೇಲೆ ಕಂಡ ‘ಲಾಟೆ’ ಎಂಬ ಪಾನೀಯವನ್ನು ಕುರಿತು ಹಾಸ್ಯವಾಗಿ ಕೇಳಿದೆವು. “ಮಾವ, ಅದು ಲಾಟೆಯಲ್ಲ, ಲತ್ತೆ. ಹಾಗೆಂದರೆ ಬರಿಯ ಹಾಲು. ಇಟಲಿಯಲ್ಲಿ ಹೋಗಿ ಲತ್ತೆ ಕೊಡಿ ಎಂದರೆ ಒಂದು ಲೋಟ ಹಾಲನ್ನೇ ತಂದಿಡುತ್ತಾರೆ. ಆದರೆ ಅವರ ಕಾಫಿಯಲ್ಲಿ ನಮ್ಮ ಪಾಲೂ ಇದೆ. ಭಾರತದ ಕಾಫಿಬೀಜವನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂದಿದೆ. ಅದರಲ್ಲಿ ಹೆಚ್ಚು ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರುಗಳಲ್ಲಿ” ಎಂದಳು. ಅಕ್ಕನವರು, “ಬೀಜ ಹೋದರೆ ಹಣ ಬರುತ್ತದೆ, ಮಗಳು ಹೋದರೆ?” ಎಂದು ಲೋಟವನ್ನು ಸ್ವಲ್ಪ ಗಟ್ಟಿಯಾಗಿಯೇ ಇಟ್ಟರು.

ಸೊಸೆ ಜಗಳವಾಡಲಿಲ್ಲ. ತಾಯಿಯ ಬಳಿ ಕುಳಿತು, “ಅಮ್ಮ, ನೀವೇ ಒಂದು ಮಾತು ಹೇಳಿ ನೋಡಿ: ನೊನ್ನೊ” ಎಂದಳು. ಅಕ್ಕನವರು ಅನ್ಯಮನಸ್ಕರಾಗಿಯೇ “ನೊನ್ನೊ” ಎಂದರು. “ನೋಡಿದಿರಾ, ಮಾವ! ಇಂಗ್ಲಿಷ್ ಬಲ್ಲವರು ಇದನ್ನು ಹೇಳಲು ತಿಂಗಳುಗಟ್ಟಲೆ ಕಷ್ಟಪಡುತ್ತಾರೆ. ನೊನ್ನೊ ಎಂದರೆ ಅಜ್ಜ. ಒತ್ತನ್ನು ಬಿಟ್ಟು ನೊನೊ ಎಂದರೆ ಒಂಬತ್ತನೆಯವನು. ಪಲ್ಲ ಎಂದರೆ ಚೆಂಡು, ಪಾಲ ಎಂದರೆ ಸಲಿಕೆ. ಒತ್ತಕ್ಷರದ ಬೆಲೆ ಕನ್ನಡದವರಿಗೆ ಹುಟ್ಟಿನಿಂದಲೇ ಗೊತ್ತು. ನಮಗೆ ಕತೆ ಬೇರೆ, ಕತ್ತೆ ಬೇರೆಯಲ್ಲವೆ?” ಎಂದಳು. ಬರೆಹಗಾರರೆನಿಸಿಕೊಂಡ ನಾವು ಆ ಉದಾಹರಣೆಯನ್ನು ಮೌನವಾಗಿ ಸ್ವೀಕರಿಸಿದೆವು.

ಭಾವನವರು ಪತ್ರಿಕೆಯನ್ನು ಮುಂದೆ ಹಿಡಿದಿದ್ದರೂ ಓದುತ್ತಿರಲಿಲ್ಲ. ಮಗಳು ಅದನ್ನು ಗಮನಿಸಿಯೇ ಮುಂದುವರಿಸಿದಳೆಂದು ನಮಗೆ ತೋರಿತು. ಇಟಾಲಿಯನ್ ಭಾಷೆಯಲ್ಲಿ ಪದಗಳೆಲ್ಲ ಸಾಮಾನ್ಯವಾಗಿ ಸ್ವರದಿಂದಲೇ ಮುಗಿಯುತ್ತವೆ. ಅದರ ತಾಯಿಯಾದ ಲ್ಯಾಟಿನಿನಲ್ಲಿ ಹಾಗಿಲ್ಲ. ಲ್ಯಾಟಿನಿನಲ್ಲಿ ರೊಟ್ಟಿಯನ್ನು ‘ಪಾನೆಮ್’ ಎನ್ನುತ್ತಿದ್ದರು. ಕೊನೆಯ ವ್ಯಂಜನವು ಸವೆದು ಇಟಾಲಿಯನ್‌ನಲ್ಲಿ ‘ಪಾನೆ’ ಆಯಿತು. ರಾತ್ರಿಗೆ ‘ನೊಕ್ತೆಮ್’ ಎಂದಿದ್ದುದು ‘ನೊತ್ತೆ’ ಆಯಿತು. ಏಳು ‘ಸೆಪ್ತೆಮ್’; ಈಗ ‘ಸೆತ್ತೆ’. ಎಂಟು ‘ಒಕ್ತೊ’, ಈಗ ‘ಒತ್ತೊ’.

ಭಾವನವರು ಪತ್ರಿಕೆಯನ್ನು ಕೆಳಗಿಟ್ಟರು. “ಇದು ಪ್ರಾಕೃತವಲ್ಲವೇ! ಸಂಸ್ಕೃತದ ಸಪ್ತ ಪ್ರಾಕೃತದಲ್ಲಿ ಸತ್ತ, ಅಷ್ಟ ಅಟ್ಠ. ಕೊನೆಯ ವ್ಯಂಜನಕ್ಕೆ ಬಂದರೆ, ಹಳಗನ್ನಡದ ಕಣ್ ಹೊಸಗನ್ನಡದಲ್ಲಿ ಕಣ್ಣು, ಪಾಲ್ ಹೋಗಿ ಹಾಲು. ಅವರು ಕೊನೆಯದನ್ನು ಕಳೆದುಕೊಂಡು ಸ್ವರಕ್ಕೆ ಬಂದರು, ನಾವು ಒಂದು ಸ್ವರವನ್ನು ಕೂಡಿಸಿಕೊಂಡು ಬಂದೆವು. ಹೋಗಿ ಸೇರಿದ ಊರು ಒಂದೇ” ಎಂದರು. ಮೂರು ದಿನಗಳ ಮೇಲೆ ಅವರು ಆಡಿದ ದೊಡ್ಡ ಮಾತು ಇದೇ ಎಂದು ಅಕ್ಕನವರು ಕಣ್ಸನ್ನೆಯಿಂದ ನಮಗೆ ತಿಳಿಸಿದರು.

ಹೀಗೆ ಹೋಲಿಸಿ ನೋಡುವ ಕೆಲಸ ಹೊಸದಲ್ಲ. ಫ್ಲಾರೆನ್ಸ್ ನಗರದ ಫಿಲಿಪ್ಪೊ ಸಸ್ಸೆಟ್ಟಿ ಎಂಬ ವರ್ತಕನು ೧೫೮೦ರ ದಶಕದಲ್ಲಿ ಕೊಚ್ಚಿ, ಗೋವೆಗಳಲ್ಲಿದ್ದು, ಮೆಣಸಿನ ವ್ಯಾಪಾರದ ನಡುವೆ ನಮ್ಮ ಪಂಡಿತರ ಭಾಷೆಯ ಮೇಲೆ ಕಿವಿಯಿಟ್ಟನು. ಆರು, ಏಳು, ಎಂಟು, ಒಂಬತ್ತು ಎಂಬ ಸಂಖ್ಯೆಗಳೂ, ದೇವ, ಸರ್ಪ ಎಂಬ ಪದಗಳೂ ತನ್ನ ದೇಶದ ಮಾತುಗಳನ್ನು ಹೋಲುತ್ತವೆಂದು ಊರಿಗೆ ಬರೆದ ಕಾಗದದಲ್ಲಿ ತಿಳಿಸಿದನು. ಸಂಸ್ಕೃತಕ್ಕೂ ಯೂರೋಪಿನ ಭಾಷೆಗಳಿಗೂ ನಂಟುಂಟೆಂದು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಾರಿದ್ದು ೧೭೮೬ರಲ್ಲಿ. ಅದಕ್ಕೆ ಇನ್ನೂರು ವರ್ಷ ಮೊದಲೇ ಒಬ್ಬ ಮೆಣಸಿನ ವರ್ತಕನಿಗೆ ಅದರ ಸುಳಿವು ಹತ್ತಿತ್ತು. ಅವನು ೧೫೮೮ರಲ್ಲಿ ಗೋವೆಯಲ್ಲಿಯೇ ತೀರಿಕೊಂಡನು.

ಊಟವಾದ ಮೇಲೆ ಮಹಡಿಯ ಮೇಲಿನ ಕೊಠಡಿಯಲ್ಲಿ ಕುಳಿತೆವು. ಅದರ ಮುಂದೆ ಚಾಚಿದ ಬಾಲ್ಕನಿಯ ಹೆಸರೂ ಇಟಲಿಯದೆಂದು ಸೊಸೆ ಹೇಳಿದಳು. ಪಿಯಾನೊ, ಸ್ಟುಡಿಯೊ ಅಲ್ಲಿಯವು. ಕೆಟ್ಟ ಗಾಳಿಯೆಂಬ ಅರ್ಥದ ಮಲೇರಿಯವೂ ಅಲ್ಲಿಯದೇ. ಹಡಗುಗಳನ್ನು ನಲವತ್ತು ದಿನ ದೂರವಿಡುತ್ತಿದ್ದ ವೆನಿಸ್ಸಿನವರ ಕಟ್ಟಳೆಯಿಂದ ಕ್ವಾರಂಟೈನ್ ಬಂದಿತಂತೆ. ಆ ದೇಶದ ಹೆಸರನ್ನೇ ಎತ್ತಬೇಡಿರೆಂದ ನಮ್ಮ ಅಕ್ಕನವರು ಆ ದೇಶದ ಮಾತನ್ನು ಆಡದೆ ತಮ್ಮ ಬಾಲ್ಕನಿಯಲ್ಲಿ ಬಟ್ಟೆಯನ್ನೂ ಒಣಗಿಸುವಂತಿರಲಿಲ್ಲ!

ಅಲ್ಲಿ ಭಾವನವರ ಕಪಾಟಿನಿಂದ ಎಚ್. ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯ’ದ ಸಂಪುಟಗಳು ಹೊರಗೆ ಬಂದವು. ವಾಚಕರಲ್ಲಿ ಹಲವರು ಅವುಗಳನ್ನು ಬಲ್ಲರು. ಕರ್ನಾಟಕಕ್ಕೆ ಬಂದು ಕಣ್ಣಾರೆ ಕಂಡುದನ್ನು ಬರೆದಿಟ್ಟ ಪರದೇಶದವರಲ್ಲಿ ಇಟಲಿಯವರು ಎಷ್ಟು ಮಂದಿ ಎಂಬುದನ್ನು ನಾವು ಅಂದಿನವರೆಗೆ ಎಣಿಸಿ ನೋಡಿರಲಿಲ್ಲ. ಸುಮಾರು ೧೪೨೦ರಲ್ಲಿ ವಿಜಯನಗರವನ್ನು ಕಂಡ ನಿಕೊಲೊ ದೆ ಕೊಂತಿ ವೆನಿಸ್ ರಾಜ್ಯದವನು. ಅವನು ಹೇಳಿದುದನ್ನು ಪೊಗ್ಗಿಯೊ ಬ್ರಾಚ್ಚೊಲೀನಿ ಎಂಬ ಪಂಡಿತನು ಲ್ಯಾಟಿನಿನಲ್ಲಿ ಬರೆದಿಟ್ಟನು. ದೇವಾಲಯಗಳಲ್ಲಿ ಲೆಕ್ಕವಿಲ್ಲದಷ್ಟು ಎಣ್ಣೆಯ ದೀಪಗಳನ್ನು ಹಚ್ಚುವ ಹಬ್ಬವೂ, ದಾರಿಹೋಕರ ಮೇಲೆ ಕೇಸರಿಯ ನೀರನ್ನು ಎರಚುವ ಹಬ್ಬವೂ ಅಲ್ಲಿ ಕಾಣಿಸುತ್ತವೆ. ಮುಂದಿನ ಶತಮಾನದ ಆರಂಭದಲ್ಲಿ ಬಂದ ಲುದೊವಿಕೊ ದಿ ವರ್ತೇಮ ಬೊಲೋನ್ಯದವನು. ಅವನ ಪ್ರವಾಸಕಥನವು ೧೫೧೦ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಅವನು ಹೊರಟ ಊರಿಗೇ ಸೊಸೆ ಹೋಗಬೇಕೆನ್ನುತ್ತಿದ್ದಳು.

ನೋಡಿ ಹೋದವರಲ್ಲದೆ ಇಲ್ಲಿಯೇ ನಿಂತು ಕೆಲಸ ಮಾಡಿದವರೂ ಉಂಟು. ನೋಲ ಎಂಬ ಊರಿನ ಲಿಯೊನಾರ್ದೊ ಚಿನ್ನಾಮಿ ಎಂಬ ಜೆಸುಯಿಟ್ ಪಾದ್ರಿಯು ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡವನ್ನು ಕಲಿತು, ಆ ಭಾಷೆಯಲ್ಲಿಯೇ ತನ್ನ ಮತದ ಗ್ರಂಥಗಳನ್ನು ರಚಿಸಿದನು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ದೇವಾಲಯದ ಗೋಡೆ ಚಾವಣಿಗಳನ್ನೆಲ್ಲ ೧೮೯೯ರಿಂದ ೧೯೦೧ರ ವರೆಗೆ ಚಿತ್ರಗಳಿಂದ ತುಂಬಿದ ಆಂತೋನಿಯೊ ಮೊಸ್ಕೇನಿ ಬೆರ್ಗಮೊ ಬಳಿಯವನು. ಇಚ್ಛೆಯಿಲ್ಲದೆ ಬಂದವರೂ ಇದ್ದರು. ಎರಡನೆಯ ಮಹಾಯುದ್ಧದಲ್ಲಿ ಆಫ್ರಿಕದ ಮರಳುಗಾಡಿನಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಹಡಗುಗಳಲ್ಲಿ ತಂದು, ಬೆಂಗಳೂರಿನ ಜಾಲಹಳ್ಳಿಯೇ ಮೊದಲಾದೆಡೆಗಳಲ್ಲಿ ತಂತಿಬೇಲಿಯೊಳಗೆ ಇರಿಸಿದ್ದರು. ಬಂದವರಲ್ಲಿ ವರ್ತಕನೂ ಪಾದ್ರಿಯೂ ಚಿತ್ರಗಾರನೂ ಸೆರೆಯಾಳೂ ಇದ್ದರು. ನಮ್ಮಿಂದ ಅತ್ತ ಹೋಗಿ ಅವರ ಮಾತನ್ನು ಕಲಿತವರು ಮಾತ್ರ ವಿರಳ.

“ಇವರೆಲ್ಲರ ಬರಹವನ್ನು ನಾವು ಓದುವುದು ಇಂಗ್ಲಿಷಿನ ಕಿಟಕಿಯಿಂದ, ಅಪ್ಪ” ಎಂದು ಸೊಸೆ ತಂದೆಯ ಕಡೆಗೆ ತಿರುಗಿದಳು. “ಇಕ್ಕೇರಿಗೆ ಬಂದ ಪಿಯೆತ್ರೊ ದೆಲ್ಲ ವಾಲ್ಲೆಯ ಕಾಗದಗಳನ್ನೇ ನೋಡಿ. ಎಲ್ಲರೂ ಆಧಾರವಾಗಿಟ್ಟುಕೊಳ್ಳುವ ಪುಸ್ತಕವು ಹಕ್ಲೂಯ್ಟ್ ಸಂಘದವರು ೧೮೯೨ರಲ್ಲಿ ಅಚ್ಚು ಹಾಕಿಸಿದ್ದು. ಅದಾದರೂ ೧೬೬೪ರ ಹಳೆಯ ಇಂಗ್ಲಿಷ್ ಭಾಷಾಂತರ. ರೋಮಿನವನು ಕನ್ನಡದ ಊರಿನಲ್ಲಿ ಕಂಡುದನ್ನು ಲಂಡನ್ನಿನವನ ಬಾಯಿಂದ ಕೇಳಿ ನಾವು ಕನ್ನಡಕ್ಕೆ ಬರೆದುಕೊಳ್ಳುತ್ತೇವೆ. ನಡುವೆ ಏನು ಬಿದ್ದುಹೋಯಿತೋ ಯಾರು ನೋಡಿದವರು?”

ಭಾವನವರು ಈ ಮಾತಿಗೆ ಸುಲಭವಾಗಿ ಸೋಲಲಿಲ್ಲ. ಅವರ ಆಕ್ಷೇಪಣೆಯು ತೂಕವುಳ್ಳದ್ದು. ಭಾಷೆ ಕಲಿಯುವುದು ಬೇರೆ, ಆ ದೇಶದ ಚರಿತ್ರೆ ಸಂಸ್ಕೃತಿಗಳನ್ನು ಮೈತುಂಬ ಹೊದ್ದುಕೊಳ್ಳುವುದು ಬೇರೆ. ಹಾಗೆ ಹೊದ್ದುಕೊಂಡವರಿಗೆ ತಮ್ಮ ಮನೆಯ ಕಂಬಳಿ ಒರಟಾಗಿ ತೋರುವುದಿಲ್ಲವೆ? ಪರದೇಶದ ವೈಭವವನ್ನು ಓದಿ ಬಂದವರು ಸ್ವದೇಶವನ್ನು ತಾತ್ಸಾರಮಾಡಿದ ನಿದರ್ಶನಗಳು ಬೇಕಾದಷ್ಟಿವೆ. ಮೇಲಾಗಿ, ಇಟಲಿಯ ಚರಿತ್ರೆಯೆಂದರೆ ಕಲೆ, ಕಾವ್ಯಗಳಷ್ಟೇ ಅಲ್ಲ. ೧೯೨೨ರಿಂದ ಎರಡು ದಶಕಗಳ ಕಾಲ ಮುಸ್ಸೊಲೀನಿಯ ಆಳಿಕೆಯನ್ನು ಹೊತ್ತದ್ದೂ, ೧೯೩೫ರಲ್ಲಿ ಇಥಿಯೋಪಿಯದ ಮೇಲೆ ಬಿದ್ದದ್ದೂ ಅದೇ ದೇಶ. ಸೊಸೆ ಇದನ್ನು ಅಲ್ಲಗಳೆಯಲಿಲ್ಲ. “ಅದನ್ನೂ ಓದಬೇಕು, ಅಪ್ಪ. ಒಳ್ಳೆಯದನ್ನಷ್ಟೇ ಓದಿದರೆ ಅದು ಚರಿತ್ರೆಯಾಗುವುದಿಲ್ಲ” ಎಂದಳು.

ಅನಂತರ ಆಕೆ ಹೇಳಿದುದನ್ನು ನಾವು ಸಂಗ್ರಹಿಸಿ ಕೊಡುತ್ತೇವೆ. ಇಟಾಲಿಯನ್ ಮಾತು ಮೊಟ್ಟಮೊದಲು ಬರಹದಲ್ಲಿ ತಲೆಯೆತ್ತುವುದು ೯೬೦ನೆಯ ಇಸವಿಯ ಒಂದು ಜಮೀನಿನ ವ್ಯಾಜ್ಯದ ಪತ್ರದಲ್ಲಿ. ಪತ್ರವೆಲ್ಲ ಲ್ಯಾಟಿನ್, ಸಾಕ್ಷಿಯ ಬಾಯಿಮಾತೊಂದು ಮಾತ್ರ ಜನರ ಭಾಷೆ. ನಮ್ಮ ಹಲ್ಮಿಡಿಯ ಶಾಸನವೂ ಭೂದಾನದ ಲಿಖಿತವೇ. ಆದರೆ ಸುಮಾರು ೪೫೦ರದು. ಪಂಡಿತರ ಲ್ಯಾಟಿನಿನ ಇದಿರಿಗೆ ಮನೆಮಾತಿನ ಗೌರವವನ್ನು ಎತ್ತಿಹಿಡಿದವನು ಡಾಂಟೆ ಮಹಾಕವಿ (೧೨೬೫–೧೩೨೧). ಅವನು ಇಟಲಿಯ ಹದಿನಾಲ್ಕು ಪ್ರಾಂತ್ಯಗಳ ನುಡಿಗಳನ್ನು ಒಂದೊಂದಾಗಿ ತೂಗಿ ನೋಡಿ, ಎಲ್ಲಕ್ಕೂ ತಾಯಿಬೇರಾಗಬಲ್ಲ ಉತ್ತಮವಾದ ನುಡಿ ಯಾವುದೆಂದು ಹುಡುಕಿದನು. ವಿಚಿತ್ರವೆಂದರೆ ಆ ವಾದವನ್ನು ಲ್ಯಾಟಿನಿನಲ್ಲಿಯೇ ಬರೆದನು. ‘ದಿವ್ಯ ಪ್ರಹಸನ’ವೆಂದು ನಾವು ಕರೆಯಬಹುದಾದ ಮಹಾಕಾವ್ಯವನ್ನು ಮಾತ್ರ ಮನೆಮಾತಿನಲ್ಲಿ ರಚಿಸಿದನು.

“ಕವಿರಾಜಮಾರ್ಗ!” ಎಂದು ಭಾವನವರು ತಡೆದು ಹೇಳಿದರು. “ಕನ್ನಡಗಳು ಹಲವು ಎಂದು ಒಪ್ಪಿಕೊಂಡು, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣದು ಕನ್ನಡದ ತಿರುಳು ಎಂದು ಗೆರೆ ಹಾಕಿದ್ದು ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ. ನಿನ್ನ ಡಾಂಟೆಗಿಂತ ನಾಲ್ಕೂವರೆ ಶತಮಾನ ಮೊದಲು.”

“ಮೊದಲೆಂಬುದು ದೊಡ್ಡದಲ್ಲ, ಅಪ್ಪ. ಒಬ್ಬರನ್ನೊಬ್ಬರು ಅರಿಯದೆ ಇಬ್ಬರೂ ಒಂದೇ ಪ್ರಶ್ನೆಯನ್ನು ಕೇಳಿದರಲ್ಲ, ಅದು ದೊಡ್ಡದು. ಡಾಂಟೆಯನ್ನು ಓದುವವರೆಗೆ ಕವಿರಾಜಮಾರ್ಗ ನನಗೆ ಪರೀಕ್ಷೆಯ ಪುಸ್ತಕವಾಗಿತ್ತು. ಓದಿದ ಮೇಲೆ ಅದನ್ನು ತೆರೆದು ಇನ್ನೊಂದು ಸಲ ನೋಡಿದೆ.”

ಈ ಮಾತು ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಕಲ್ಯಾಣ ನಗರವೆಂಬ ಹೆಸರನ್ನು ನಾವು ಎಷ್ಟೋ ಸಲ ಬಸ್ಸಿನ ಹಲಗೆಯ ಮೇಲೆ ಓದಿದ್ದೆವು. ಕಲ್ಯಾಣವೆಂದರೆ ಏನೆಂದು ಅಲ್ಲಿ ಕುಳಿತಾಗ ನೆನಪಾಯಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ದೇವರೊಡನೆ ಆಡುವ ಮಾತಿಗೆ ಅಂಗಡಿ, ಹೊಲ, ಮಗ್ಗಗಳ ಕನ್ನಡವೇ ಸಾಕೆಂದು ತೋರಿಸಿಕೊಟ್ಟರು. ಇಟಲಿಯಲ್ಲಿ ಅಸ್ಸೀಸಿಯ ಫ್ರಾನ್ಸಿಸ್ ಎಂಬ ಬಟ್ಟೆಯ ವರ್ತಕನ ಮಗನು ಉಟ್ಟ ಬಟ್ಟೆಯನ್ನೂ ತಂದೆಗೆ ಹಿಂದಿರುಗಿಸಿ ಹೊರಟುಹೋಗಿ, ಸೂರ್ಯನನ್ನು ಅಣ್ಣನೆಂದೂ ನೀರನ್ನು ಅಕ್ಕನೆಂದೂ ಕರೆದು ಮನೆಮಾತಿನಲ್ಲಿ ಹಾಡಿದ್ದು ೧೨೨೪ರ ಸುಮಾರಿನಲ್ಲಿ. ಅಕ್ಕಮಹಾದೇವಿಯ ಕಥೆಯನ್ನು ಕೇಳಿ ಬೆಳೆದವರಿಗೆ ಈ ಫ್ರಾನ್ಸಿಸ್ ಪರಕೀಯನಾಗಿ ತೋರುವುದಿಲ್ಲ. ಕುವೆಂಪು ಅವರು ೧೯೪೯ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ನ ಮೊದಲಲ್ಲಿ ನಮ್ಮ ಕವಿಗಳ ಜೊತೆಗೆ ವರ್ಜಿಲ್, ಡಾಂಟೆಯರಿಗೂ ನಮಸ್ಕರಿಸಿದ್ದನ್ನು ಭಾವನವರೇ ನೆನಪು ಮಾಡಿದರು. ನೆನಪು ಮಾಡಿ, ತಾವು ಮಗಳ ಪಕ್ಷಕ್ಕೆ ಮಾತನಾಡಿಬಿಟ್ಟೆವೆಂದು ತಿಳಿದು ಸುಮ್ಮನಾದರು.

ಚೂರುಚೂರಾಗಿದ್ದ ಇಟಲಿಯು ೧೮೬೧ರಲ್ಲಿ ಒಂದು ರಾಜ್ಯವಾದಾಗ, ಇಟಾಲಿಯನ್ ಭಾಷೆಯನ್ನು ಮಾತನಾಡಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲವೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಉಳಿದವರದೆಲ್ಲ ಆಯಾ ಪ್ರಾಂತ್ಯದ ನುಡಿ. ಮಿಲಾನಿನ ಮಂಜೋನಿ ಎಂಬ ಕಾದಂಬರಿಕಾರನು ೧೮೨೭ರಲ್ಲಿ ಅಚ್ಚಾದ ತನ್ನ ಕಥೆಯನ್ನು, ಫ್ಲಾರೆನ್ಸಿಗೆ ಹೋಗಿ ಅಲ್ಲಿಯ ಮಾತಿಗೆ ಕಿವಿಗೊಟ್ಟು ತಿದ್ದಿ, ೧೮೪೦ರಿಂದ ಮತ್ತೆ ಅಚ್ಚು ಹಾಕಿಸಿದನು. ಒಂದೇ ಭಾಷೆಯವರು ಐದಾರು ಆಡಳಿತಗಳ ಕೆಳಗೆ ಹಂಚಿಹೋಗಿ, ೧೯೫೬ರ ನವೆಂಬರ್ ೧ರಂದು ಒಂದು ಸೂರಿನ ಕೆಳಗೆ ಬಂದ ಕನ್ನಡಿಗರಿಗೆ ಇದು ಯಾರದೋ ಕಥೆಯಲ್ಲ. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡದಲ್ಲಿ ಶಾಲೆಯ ಪುಸ್ತಕಕ್ಕೆ ಯಾವುದೆಂದು ನಾವೂ ತರ್ಕಿಸಿದವರೇ. ನಾಡು ಒಂದಾದ ಮಾತ್ರಕ್ಕೆ ಮಾತು ಒಂದಾಗದು. ಹಲವು ಮಾತುಗಳನ್ನು ಅಳಿಸಿ ಒಂದನ್ನು ಮಾಡ ಹೊರಟರೆ ಏನು ನಷ್ಟವಾಗುವುದೆಂಬುದಕ್ಕೂ ಅಲ್ಲಿ ನೂರೈವತ್ತು ವರ್ಷಗಳ ಅನುಭವವಿದೆ.

ಅಕ್ಕನವರಿಗೆ ಡಾಂಟೆಗಿಂತ ಊಟ, ವಸತಿ, ಶುಲ್ಕಗಳು ಮುಖ್ಯವಾಗಿದ್ದವು. ಗೃಹಿಣಿಯರಾದ ನಮ್ಮ ವಾಚಕಿಯರಿಗೂ ಹಾಗೆಯೇ ಇರಬಹುದು. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಮನೆಯ ವರಮಾನವನ್ನು ನೋಡಿ ಶುಲ್ಕವನ್ನು ಗೊತ್ತುಮಾಡುತ್ತಾರೆ, ವಿದ್ಯಾರ್ಥಿವೇತನಗಳೂ ಉಂಟು. ಮೂರು ವರ್ಷದ ಮೊದಲ ಪದವಿ, ಅದರ ಮೇಲೆ ಎರಡು ವರ್ಷದ ಪದವಿ. ಪರೀಕ್ಷೆಗಳಲ್ಲಿ ಬಹುಪಾಲು ಬಾಯಿಪರೀಕ್ಷೆಯೇ: ಅಧ್ಯಾಪಕರ ಇದಿರಿಗೆ ಕುಳಿತು, ಕೇಳಿದುದಕ್ಕೆ ಉತ್ತರ ಹೇಳಬೇಕು. ಮೂವತ್ತಕ್ಕೆ ಹದಿನೆಂಟು ಬಂದರೆ ತೇರ್ಗಡೆ. ಪದವಿಯ ದಿನ ತಲೆಗೆ ಲಾರೆಲ್ ಎಲೆಯ ಕಿರೀಟವನ್ನು ಇಡುತ್ತಾರೆ. ಬೊಲೋನ್ಯದ ವಿದ್ಯಾಲಯವು ೧೦೮೮ರಲ್ಲಿ ಹುಟ್ಟಿತೆಂದು ಪರಂಪರೆ. ಯೂರೋಪಿನ ಅತ್ಯಂತ ಹಳೆಯ ವಿಶ್ವವಿದ್ಯಾನಿಲಯವೆಂದು ಅದಕ್ಕೆ ಹೆಸರು. ಆರಂಭದಲ್ಲಿ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ಗುರುಗಳಿಗೆ ಸಂಬಳ ಕೊಡುತ್ತಿದ್ದರಂತೆ. ಅಲ್ಲಿಯೇ ೧೭೩೨ರಲ್ಲಿ ಲೌರಾ ಬಾಸ್ಸಿ ಎಂಬಾಕೆ ಡಾಕ್ಟರ್ ಪದವಿಯನ್ನೂ ಅಧ್ಯಾಪಕ ಸ್ಥಾನವನ್ನೂ ಪಡೆದಳು. “ಹೆಂಗಸೇ?” ಎಂದು ಅಕ್ಕನವರು ಕೇಳಿದರು. ಹೌದೆಂದು ತಿಳಿದ ಮೇಲೆ ಅವರ ಮುಖ ಸ್ವಲ್ಪ ಸಡಿಲವಾಯಿತು.

“ಎಲ್ಲ ಸರಿ. ಓದಿ ಬಂದ ಮೇಲೆ ಏನು ಮಾಡುವೆ?” ಎಂದು ಭಾವನವರು ಕೇಳಿದರು. ಈ ಪ್ರಶ್ನೆಗೆ ಸೊಸೆ ಅಲಂಕಾರದ ಉತ್ತರವನ್ನು ಕೊಡಲಿಲ್ಲ. “ಪಾಠ ಹೇಳಬಹುದು, ಭಾಷಾಂತರ ಮಾಡಬಹುದು. ಕೈತುಂಬ ಹಣ ಬರುತ್ತದೆಂದು ಹೇಳಲಾರೆ, ಅಪ್ಪ. ನೀವು ಕನ್ನಡ ಪಂಡಿತರಾಗುವಾಗ ತಾತ ಇದನ್ನೇ ಕೇಳಿದ್ದರೆಂದು ಅಜ್ಜಿ ಹೇಳುತ್ತಿದ್ದರು” ಎಂದಳು. ಭಾವನವರು ಕನ್ನಡಕವನ್ನು ತೆಗೆದು ಒರೆಸತೊಡಗಿದರು. ಅದು ಮೊದಲೇ ಶುಭ್ರವಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರು, “ಆ ದೆಲ್ಲ ವಾಲ್ಲೆಯವನ ಮೂಲ ನಿನ್ನ ಹತ್ತಿರವಿದೆಯೇ? ಒಂದಿಷ್ಟು ಓದು, ಕೇಳೋಣ” ಎಂದರು.

ಇವನ ವಿಷಯವಾಗಿ ಎರಡು ಮಾತು. ಪಿಯೆತ್ರೊ ದೆಲ್ಲ ವಾಲ್ಲೆ ೧೫೮೬ರಲ್ಲಿ ರೋಮಿನಲ್ಲಿ ಹುಟ್ಟಿದ ಶ್ರೀಮಂತ. ಬಾಗ್ದಾದಿನಲ್ಲಿ ಮದುವೆಯಾದ ಪ್ರಿಯಪತ್ನಿಯು ಪರ್ಷಿಯದಲ್ಲಿ ತೀರಿಕೊಂಡಾಗ, ಆಕೆಯ ದೇಹವನ್ನು ಕೆಡದಂತೆ ಪೆಟ್ಟಿಗೆಯಲ್ಲಿರಿಸಿಕೊಂಡು, ಅದರೊಡನೆಯೇ ಭಾರತವನ್ನು ಸುತ್ತಿ, ಕೊನೆಗೆ ರೋಮಿಗೆ ಕೊಂಡೊಯ್ದು ಮಣ್ಣು ಮಾಡಿದವನು. ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಹೊಳೆಯ ಮೇಲೆ ಗೇರುಸೊಪ್ಪೆಗೆ ಬಂದು, ಘಟ್ಟವನ್ನು ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡನು. ಕಂಡುದನ್ನೆಲ್ಲ ನೇಪಲ್ಸಿನ ವೈದ್ಯಮಿತ್ರನಿಗೆ ಕಾಗದಗಳಲ್ಲಿ ಬರೆದನು. ದುಃಖವನ್ನು ಹೊತ್ತು ತಿರುಗುತ್ತಿದ್ದವನು ಹಳ್ಳಿಯ ಮಕ್ಕಳ ಪಾಠವನ್ನು ನಿಂತು ನೋಡಿದನೆಂಬುದು ನಮಗೆ ಅವನ ಮೇಲೆ ವಿಶ್ವಾಸವನ್ನು ಹುಟ್ಟಿಸುತ್ತದೆ.

ಸೊಸೆ ಗಣಕಯಂತ್ರವನ್ನು ತೆರೆದು ಆ ಭಾಗವನ್ನು ಓದಿದಳು. ನಮಗೆ ಅರ್ಥವಾಗದಿದ್ದರೂ ಒತ್ತಕ್ಷರಗಳು ತಾಳ ಹಾಕಿದಂತೆ ಬೀಳುತ್ತಿದ್ದವು. ಅನಂತರ ಕನ್ನಡದಲ್ಲಿ ಅದರ ಸಾರವನ್ನು ಹೇಳಿದಳು. ಘಟ್ಟದ ದಾರಿಯ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನವುರಾದ ಮರಳನ್ನು ಹರಡಿದ್ದರು. ಒಬ್ಬನು ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರು ಅದನ್ನೇ ಹಾಡಿ, ಅದನ್ನೇ ಬರೆಯುವರು. ಗುರುಗಳು ಅಲ್ಲಿರಲಿಲ್ಲ, ಒಬ್ಬರು ಮರೆತುದನ್ನು ಒಬ್ಬರು ತಿದ್ದಿಕೊಳ್ಳುತ್ತಿದ್ದರು. ನೆಲ ತುಂಬಿದರೆ ಮೇಲೆ ಹೊಸ ಮರಳನ್ನು ಚೆಲ್ಲುವರು. “ಆದರೆ ಅವರು ಹಾಡುತ್ತಿದ್ದುದು ಏನೋ ಸ್ಪಷ್ಟವಿಲ್ಲ, ಅಪ್ಪ. ಒಂದು ಎಂಬುದು ತನ್ನಷ್ಟಕ್ಕೆ ತಾನು ಒಂದಾಗುತ್ತದೆ, ಎರಡು ಎರಡಾಗುತ್ತದೆ ಎಂಬರ್ಥದ ಮಾತು. ವೇದಾಂತವೋ ಏನೋ” ಎಂದಳು.

ಭಾವನವರು ಕುರ್ಚಿಯಿಂದ ಎದ್ದೇಬಿಟ್ಟರು. “ವೇದಾಂತವಲ್ಲ ಕಣಮ್ಮ, ಮಗ್ಗಿ! ಮಗ್ಗಿಯೇ ಇರಬೇಕು! ಒಂದೊಂದ್ಲ ಒಂದು, ಎರಡೊಂದ್ಲ ಎರಡು!” ಎಂದು ರಾಗವಾಗಿ ಹೇಳಿದರು. ನಾವೂ ನಕ್ಕೆವು, ಅಕ್ಕನವರೂ ನಕ್ಕರು. ನಗು ನಿಂತ ಮೇಲೆ ಒಂದು ವಿಷಯ ನಾಲ್ವರಿಗೂ ಹೊಳೆಯಿತು. ಇಟಾಲಿಯನ್ ಬಲ್ಲ ಪಂಡಿತರು ಕನ್ನಡದ ಮಗ್ಗಿಯನ್ನು ಬಲ್ಲವರಲ್ಲ. ಮಗ್ಗಿಯನ್ನು ಬಲ್ಲ ನಾವು ಇಟಾಲಿಯನ್ ಬಲ್ಲವರಲ್ಲ. ನಾಲ್ಕು ನೂರು ವರ್ಷಗಳ ಹಿಂದಿನ ಆ ನಾಲ್ಕು ಮಕ್ಕಳ ದನಿಯನ್ನು ಪೂರ್ತಿಯಾಗಿ ಕೇಳಬೇಕಾದರೆ ಎರಡೂ ಕಿವಿಗಳು ಬೇಕು. ಹುಡುಗಿ ಇಟಲಿಗೆ ಹೋದರೆ ಮನೆಯ ಕಪಾಟು ಅನಾಥವಾಗುವುದೆಂದು ಭಾವನವರು ಹೆದರಿದ್ದರು; ಆ ಕಪಾಟಿನ ಬೀಗದ ಕೈಗಳಲ್ಲಿ ಒಂದು ಇಟಲಿಯಲ್ಲಿಯೇ ಉಳಿದಿತ್ತು.

ಬಹಳ ಹೊತ್ತು ಭಾವನವರು ಬಾಲ್ಕನಿಯಲ್ಲಿ ನಿಂತು ಬೀದಿಯನ್ನು ನೋಡಿದರು. ಒಳಗೆ ಬಂದು, “ಇಕ್ಕೇರಿಯ ಭಾಗವನ್ನೆಲ್ಲ ಮೂಲದಿಂದ ನೇರವಾಗಿ ಕನ್ನಡಕ್ಕೆ ತಂದುಕೊಡಬೇಕು. ಕರಡನ್ನು ನಾನು ತಿದ್ದುತ್ತೇನೆ. ಅಲ್ಲಿಂದಲೇ ಕಳುಹಿಸಬೇಕು, ಬಂದ ಮೇಲೆ ಎನ್ನಬಾರದು” ಎಂದರು. ಸೊಸೆ ತಲೆಯಾಡಿಸಿದಳು, ಮಾತು ಬರಲಿಲ್ಲ. ಅಕ್ಕನವರು ಸೆರಗಿನಿಂದ ಕಣ್ಣೊರಸಿಕೊಂಡು, ಮೂರು ವರ್ಷದ ಮಗುವಿಗೆ ತಟ್ಟೆಯ ಅಕ್ಕಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿದ ದಿನ ಇವಳು ಅಕ್ಕಿಯನ್ನೆಲ್ಲ ಚೆಲ್ಲಿದಳೆಂಬ ಹಳೆಯ ಕಥೆಯನ್ನು ಹೇಳತೊಡಗಿದರು. ಭಾವನವರು ಮಗಳ ತಲೆಯ ಮೇಲೆ ಕೈಯಿಟ್ಟು, “ಹೋಗಿ ಬಾ” ಎಂದರು. ಹೊರಡುವವರಿಗೆ ‘ಹೋಗು’ ಎಂದಷ್ಟೇ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಆ ‘ಬಾ’ ಎಂಬ ಒಂದಕ್ಷರವನ್ನು ಅವರು ಅಂದು ತುಸು ಎಳೆದು ಹೇಳಿದರು.

ನಾವು ಸಂಜೆಯ ಬಸ್ಸು ಹಿಡಿದು ಶಿವಾಜಿನಗರಕ್ಕೆ ಹಿಂದಿರುಗಿದೆವು. ಬುದ್ಧಿ ಹೇಳಲು ಹೋದವರು ಒಂದನ್ನೂ ಹೇಳಲಿಲ್ಲವೆಂಬುದು ಲಿಂಗರಾಜಪುರದ ಸೇತುವೆಯ ಮೇಲೆ ನೆನಪಿಗೆ ಬಂದಿತು. ಛತ್ರಿಯನ್ನು ಅಲ್ಲಿಯೇ ಮರೆತು ಬಂದಿದ್ದೆವು. ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬನು ನಮ್ಮನ್ನು ವಿಚಿತ್ರವಾಗಿ ನೋಡಿದನು. ನಾವು ನಮಗರಿಯದೆಯೇ ಎರಡರ ಮಗ್ಗಿಯನ್ನು ಹೇಳಿಕೊಳ್ಳುತ್ತಿದ್ದೆವೆಂದು ಆಗ ತಿಳಿಯಿತು.